ಇದ್ದಲ್ಲೇ ಇರಲಿ ಎಂಬ ಸೋಮಾರಿ ಮಾತು

ಹಳೆಯ ತಾಮ್ರದ ಗಣಿಗಳ ಸುತ್ತ ಬಿದ್ದಿರುವ ಹಸಿರು, ನೀಲಿ ಹರಳುಗಳನ್ನು ಆರಿಸಿಕೊಂಡು ಹೋಗುವವರ ಬಗ್ಗೆ ಓದಿದವರ ವಲಯದಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿದೆ. ಗಣಿ ಚರಿತ್ರೆಯ ಭಾಗ, ಅದರ ಕಲ್ಲೂ ಚರಿತ್ರೆಯ ಭಾಗ. ಹಾಗಾಗಿ ಇದ್ದದ್ದು ಇದ್ದಲ್ಲೇ ಇರಲಿ. ಸುತ್ತಿಗೆ ಹಿಡಿದು ಬರುವವನು ಒಂದೋ ಕಳ್ಳ, ಇಲ್ಲವೇ ಕಳ್ಳನಿಗೆ ದಾರಿ ತೋರಿಸುವವನು. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ, ಉತ್ತರದ ಕಾಲ್ಡ್‌ಬೆಕ್ ಬೆಟ್ಟಗಳಲ್ಲಿ, ಅಮೆರಿಕದ ಅರಿಜೋನಾದಲ್ಲಿ, ಎಲ್ಲೇ ಹೋದರೂ ಸಂರಕ್ಷಣೆಯ ಹೆಸರಿನಲ್ಲಿ ಕೇಳಿಬರುವುದು ಈ ಮಾತೇ. ಕೇಳಲು ಇದು ವಿನಯದ ಮಾತು, ಪ್ರಕೃತಿಯ ಮುಂದೆ ಕೈಕಟ್ಟಿ ನಿಂತವರ ಮಾತು. ಆದರೆ ತಾಮ್ರದ ದ್ವಿತೀಯಕ ಖನಿಜಗಳ ವಿಷಯದಲ್ಲಿ ಇದು ತಪ್ಪು ಮಾತು. ಯಾವುದನ್ನು ಉಳಿಸಬೇಕೆಂದು ಈ ವಾದ ಹೇಳುತ್ತದೋ ಅದನ್ನೇ ಇದು ಕಳೆಯುತ್ತದೆ. ಹಾಗೆ ಕಳೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ಏಕೆಂದರೆ ಅಲ್ಲಿ ಏನಿತ್ತು ಎಂದು ಯಾರೂ ನೋಡಿರುವುದೇ ಇಲ್ಲ.

ಮೊದಲು ಈ ಖನಿಜಗಳು ಏನೆಂಬುದು ತಿಳಿದಿರಬೇಕು. ಇಡೀ ವಾದ ನಿಂತಿರುವುದು ಅದರ ಮೇಲೆ. ತಾಮ್ರದ ಮೂಲ ಅದಿರು ಬಹುಮಟ್ಟಿಗೆ ಚಾಲ್ಕೋಪೈರೈಟ್: ತಾಮ್ರ, ಕಬ್ಬಿಣ, ಗಂಧಕ ಕೂಡಿದ, ಹಿತ್ತಾಳೆ ಬಣ್ಣದ ಖನಿಜ. ಅದಿರಿನ ಪಟ್ಟೆ ನೆಲದ ಮೇಲ್ಮೈಗೆ ಹತ್ತಿರ ಬಂದ ಕಡೆ, ಅಂತರ್ಜಲದ ಮಟ್ಟಕ್ಕಿಂತ ಮೇಲೆ, ಮಳೆನೀರೂ ಗಾಳಿಯೂ ಬಿರುಕುಗಳಲ್ಲಿ ಇಳಿದು ಅದನ್ನು ಮುರಿಯುತ್ತವೆ. ಗಂಧಕ ಆಮ್ಲವಾಗುತ್ತದೆ, ಕಬ್ಬಿಣ ತುಕ್ಕಾಗಿ ಮೇಲೆ ಉಳಿಯುತ್ತದೆ, ತಾಮ್ರ ಕರಗಿ ಕೆಳಕ್ಕೆ ಹರಿಯುತ್ತದೆ. ಹರಿಯುವ ದಾರಿಯಲ್ಲಿ ಸುಣ್ಣಕಲ್ಲು ಸಿಕ್ಕರೆ ಹಸಿರು ಮ್ಯಾಲಕೈಟ್, ಕಡುನೀಲಿ ಅಜುರೈಟ್. ಆರ್ಸೆನಿಕ್ ಸಿಕ್ಕರೆ ಆಲಿವಿನೈಟ್, ಕ್ಲೈನೋಕ್ಲೇಸ್, ಲೈರೋಕೊನೈಟ್. ಸೀಸದ ಅದಿರಿನ ಜೊತೆ ಕೂಡಿದರೆ ಲಿನಾರೈಟ್, ಕ್ಯಾಲಿಡೋನೈಟ್. ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬು ಇದೇ ಬಳಗದ್ದು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬು ಹೋಗುವುದು ಹುಳಿ ಅದನ್ನು ಕರಗಿಸುವುದರಿಂದ. ಈ ಅಡುಗೆಮನೆಯ ರಸಾಯನಶಾಸ್ತ್ರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

‘ಇದ್ದಲ್ಲೇ ಇರಲಿ’ ಎಂಬ ತತ್ತ್ವ ಬಂದದ್ದು ಪುರಾತತ್ತ್ವದಿಂದ. ಅಲ್ಲಿ ಅದು ನೂರಕ್ಕೆ ನೂರು ಸರಿ. ಮಡಕೆಯ ಚೂರೊಂದು ಎಷ್ಟು ಆಳದಲ್ಲಿ, ಯಾವ ಪದರದಲ್ಲಿ, ಯಾವ ಮೂಳೆಯ ಪಕ್ಕದಲ್ಲಿ ಸಿಕ್ಕಿತು ಎಂಬುದೇ ಅದರ ಅರ್ಥದ ಮುಕ್ಕಾಲು ಪಾಲು. ಕಿತ್ತು ಜೇಬಿಗೆ ಹಾಕಿಕೊಂಡರೆ ಉಳಿಯುವುದು ಬರೀ ಬೋಕಿ. ಭೂವಿಜ್ಞಾನದಲ್ಲೂ ಈ ತತ್ತ್ವ ಒಪ್ಪುವ ಜಾಗಗಳು ಬೇಕಾದಷ್ಟಿವೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಕಲ್ಲುಗಳನ್ನು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳನ್ನು ಮುಟ್ಟಬಾರದು ಎಂದರೆ ಎರಡನೆಯ ಮಾತಿಲ್ಲ. ಅವು ನಿಂತಿರುವ ಭಂಗಿಯೇ ಅವುಗಳ ಪಾಠ. ಒಂದು ತುಂಡು ಕಿತ್ತರೆ ಕಿತ್ತವನಿಗೂ ಏನೂ ದಕ್ಕುವುದಿಲ್ಲ, ಬಂಡೆಯೂ ಹಾಳು. ಆದರೆ ಗಣಿಯ ಹೊರಗಿನ ಕಸದ ದಿಬ್ಬದಲ್ಲಿ ಯಾವ ಭಂಗಿ ಉಳಿದಿದೆ? ನೂರೈವತ್ತು, ಇನ್ನೂರು ವರ್ಷಗಳ ಹಿಂದೆ ಗಣಿಗಾರ ಅದನ್ನು ಸಿಡಿಮದ್ದಿಟ್ಟು ಒಡೆದ, ತೊಟ್ಟಿಯಲ್ಲಿ ಮೇಲೆಳೆದ, ಅದಿರಿಲ್ಲದ ಕಲ್ಲೆಂದು ಇಳಿಜಾರಿಗೆ ಸುರಿದ. ಕಲ್ಲು ತನ್ನ ಜಾಗ ಬಿಟ್ಟದ್ದು ಅವತ್ತೇ. ದಿಬ್ಬದ ಪದರಗಳು ಹೇಳುವುದು ಬಂಡಿ ಯಾವ ಕಡೆ ಮಗುಚಿತು ಎಂಬುದನ್ನು ಮಾತ್ರ. ಅದಿರು ಕುಟ್ಟುತ್ತಿದ್ದ ಕಟ್ಟೆಗಳು, ನೀರಿನ ಚಕ್ರದ ಗುಂಡಿಗಳು, ಉಗಿಯಂತ್ರದ ಮನೆಗಳು, ಇವೆಲ್ಲ ನಿಜಕ್ಕೂ ಪುರಾತತ್ತ್ವದ ಸ್ವತ್ತು. ಅವುಗಳ ಹತ್ತಿರ ಸುತ್ತಿಗೆ ಸುಳಿಯಕೂಡದು. ದಿಬ್ಬದ ಸಡಿಲ ಕಲ್ಲಿಗೆ ಅದೇ ಕಾನೂನು ಹಾಕುವುದು, ಗುಡಿಯ ನಿಯಮವನ್ನು ಗುಡಿಯ ಮುಂದಿನ ರಸ್ತೆಗೂ ಹಾಕಿದಂತೆ.

ಇನ್ನು, ಬಿಟ್ಟರೆ ಉಳಿಯುತ್ತದೆ ಎಂಬ ನಂಬಿಕೆ. ಗಣಿಯ ದಿಬ್ಬದಲ್ಲಿ ತಾಮ್ರದ ಖನಿಜದ ಜೊತೆಗೇ ಪೈರೈಟ್ ಇರುತ್ತದೆ, ಅರೆಬರೆ ಕರಗಿದ ಚಾಲ್ಕೋಪೈರೈಟ್ ಇರುತ್ತದೆ, ಆರ್ಸೆನೋಪೈರೈಟ್ ಇರುತ್ತದೆ. ಭೂಮಿಯೊಳಗೆ ಬಂಡೆಯ ನಡುವೆ ಗಾಳಿ ಕಾಣದೆ ಕೂತಿದ್ದ ಈ ಸಲ್ಫೈಡುಗಳು ಈಗ ಒಡೆದು, ಚೂರಾಗಿ, ಪ್ರತಿ ಮಳೆಗೂ ಮೈಯೊಡ್ಡಿ ಬಿದ್ದಿವೆ. ಮಳೆ ಬಿದ್ದಾಗಲೆಲ್ಲ ಅವುಗಳಿಂದ ಗಂಧಕಾಮ್ಲ ಹೊರಡುತ್ತದೆ. ಹುಣಸೆಹುಳಿಗೇ ಕರಗುವ ಕಾರ್ಬೊನೇಟ್ ಗಂಧಕಾಮ್ಲಕ್ಕೆ ಜಗ್ಗುವುದೇ? ಮ್ಯಾಲಕೈಟ್ ಮಸುಕಾಗುತ್ತದೆ, ಗುಳಿ ಬೀಳುತ್ತದೆ, ಕೊನೆಗೆ ಹಸಿರು ಕಲೆಯಾಗುತ್ತದೆ. ಅಜುರೈಟಿಗೆ ಇನ್ನೊಂದು ಗತಿಯುಂಟು: ನೀರು ಸೇರಿಕೊಂಡು, ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಅದು ಮ್ಯಾಲಕೈಟೇ ಆಗಿಬಿಡುತ್ತದೆ, ಆಕಾರ ನೀಲಿಯದ್ದು, ಒಡಲು ಹಸಿರಿನದ್ದು. ಲೈರೋಕೊನೈಟಿನ ಹರಳು ಉಗುರಿನ ಗಡಸುತನದ ಆಸುಪಾಸಿನದು. ಇಳಿಜಾರಿನಲ್ಲಿ ಒಂದು ಕಲ್ಲು ಇನ್ನೊಂದರ ಮೇಲೆ ಜಾರಿದರೆ ಸಾಕು, ಅದರ ಅಂಚು ಮುಕ್ಕಾಗುತ್ತದೆ. ಹಿಮ ಬೀಳುವ ಊರುಗಳಲ್ಲಿ ಪೊಟರೆಯೊಳಗೆ ನೀರು ಹೆಪ್ಪುಗಟ್ಟಿ ಬೆಣಚುಕಲ್ಲನ್ನೇ ಸೀಳುತ್ತದೆ. ಉಳಿದಿರುವ ಒಳ್ಳೆಯ ಹರಳು ಯಾವಾಗಲೂ ಇರುವುದು ಇನ್ನೂ ಒಡೆಯದ ಕಲ್ಲಿನ ಒಳಪೊಟರೆಯಲ್ಲಿ. ಕಲ್ಲು ತಾನಾಗಿ ಒಡೆದ ದಿನದಿಂದ ಅದರ ಎಣಿಕೆಯ ದಿನಗಳು ಶುರು. ದಿಬ್ಬದಲ್ಲಿ ಹೊಸ ಖನಿಜಗಳೂ ಹುಟ್ಟುತ್ತವೆ, ಅದೂ ನಿಜ. ಲ್ಯಾಂಗೈಟ್, ಬ್ರೋಕಾಂಟೈಟ್‌ನಂಥ ತಾಮ್ರದ ಸಲ್ಫೇಟುಗಳು ಗಣಿ ಮುಚ್ಚಿದ ಮೇಲೂ ಸುರಂಗದ ಗೋಡೆಗಳ ಮೇಲೆ ನೀಲಿ, ಹಸಿರು ಲೇಪವಾಗಿ ಬೆಳೆಯುತ್ತವೆ. ಅಂದರೆ ಹಳೆಯ ಗಣಿ ನಿಂತ ನೀರಲ್ಲ, ಕುದಿಯುತ್ತಿರುವ ಪಾತ್ರೆ. ಕುದಿಯುವ ಪಾತ್ರೆಯ ಮುಂದೆ ನಿಂತು ‘ಯಥಾಸ್ಥಿತಿ ಕಾಪಾಡಿ’ ಎನ್ನುವುದು ರಸಾಯನಶಾಸ್ತ್ರಕ್ಕೆ ಕೋರ್ಟಿನ ತಡೆಯಾಜ್ಞೆ ಕೊಟ್ಟಂತೆ.

ಮಳೆ, ಹುಳಿ ಮಾಡುವ ಕೆಲಸ ನಿಧಾನದ್ದು. ಬುಲ್‌ಡೋಜರ್ ಮಾಡುವುದು ಒಂದು ಮಧ್ಯಾಹ್ನದಲ್ಲಿ. ಕಾರ್ನ್‌ವಾಲ್‌ನ ದಿಬ್ಬಗಳಲ್ಲಿ ಆರ್ಸೆನಿಕ್ ಇದೆ. ಹಾಗಾಗಿ ಹಾಳುನೆಲದ ಸುಧಾರಣೆ ಎಂಬ ಹೆಸರಿನಲ್ಲಿ ಎಷ್ಟೋ ದಿಬ್ಬಗಳನ್ನು ಸಮತಟ್ಟು ಮಾಡಿ, ಮಣ್ಣು ಹೊದಿಸಿ, ಹುಲ್ಲು ಬಿತ್ತಲಾಯಿತು. ಜನರ ಆರೋಗ್ಯದ ದೃಷ್ಟಿಯಿಂದ ಇದಕ್ಕೆ ಕಾರಣವೂ ಇತ್ತು. ಇನ್ನೆಷ್ಟೋ ದಿಬ್ಬಗಳು ರಸ್ತೆಗೆ ಜಲ್ಲಿಯಾಗಿ ಹೋದವು, ಅಥವಾ ತವರಕ್ಕೂ ಟಂಗ್‌ಸ್ಟನ್‌ಗೂ ಮತ್ತೊಮ್ಮೆ ಅರೆಯಲ್ಪಟ್ಟವು. 2006ರಲ್ಲಿ ಯುನೆಸ್ಕೊ ‘ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಭೂದೃಶ್ಯ’ವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉಗಿಯಂತ್ರದ ಮನೆಗಳ ಎತ್ತರದ ಹೊಗೆಗೂಡುಗಳು ಪ್ರವಾಸಿಗರ ಫೋಟೊಗಳಿಗೆ ಸಿಕ್ಕವು, ಒಳ್ಳೆಯದೇ. ಆದರೆ ಆ ಮನೆಗಳು ಏಕೆ ಕಟ್ಟಲ್ಪಟ್ಟವೋ ಆ ಅದಿರು, ಆ ಖನಿಜ ಎಲ್ಲಿ ಎಂದು ಕೇಳಿದರೆ ಉತ್ತರ ದಿಬ್ಬದಲ್ಲಿಲ್ಲ, ಗಾಜಿನ ಕಪಾಟುಗಳಲ್ಲಿದೆ.

ಇದಕ್ಕೆ ಕೆರ್ನೊವೈಟ್‌ಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಕಾರ್ನ್‌ವಾಲ್‌ನ ಸೇಂಟ್ ಡೇ ಎಂಬ ಊರಿನ ಬಳಿ ವೀಲ್ ಗೋರ್ಲೆಂಡ್ ಎಂಬ ಗಣಿಯಿತ್ತು. ತಾಮ್ರದ ಆರ್ಸೆನೇಟುಗಳಿಗೆ ಅದು ಜಗತ್ತಿನಲ್ಲೇ ಹೆಸರಾದ ಜಾಗ. ಆಕಾಶನೀಲಿಯಿಂದ ಹಸಿರಿನವರೆಗೆ ಹೊಳೆಯುವ, ಚಪ್ಪಟೆ ಮಸೂರದಂಥ ಲೈರೋಕೊನೈಟ್ ಹರಳುಗಳಿಗಂತೂ ಅದಕ್ಕೆ ಸಾಟಿಯಾದ ಇನ್ನೊಂದು ಗಣಿಯೇ ಇಲ್ಲ. ಕೆಲವು ಲೈರೋಕೊನೈಟ್ ಏಕೆ ಅಷ್ಟು ಕಡುಹಸಿರು ಎಂಬ ಪ್ರಶ್ನೆ ಹಿಡಿದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಮೈಕ್ ರಮ್ಸಿ ಮತ್ತು ಸಂಗಡಿಗರು ತಮ್ಮ ಸಂಗ್ರಹದ ಹಳೆಯ ಮಾದರಿಯೊಂದನ್ನು ಪರೀಕ್ಷಿಸಿದರು. ನೀಲಿ ಲೈರೋಕೊನೈಟಿನಲ್ಲಿ ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ಆ ಹಸಿರು ಹರಳಿನಲ್ಲಿ ಕಬ್ಬಿಣ ಕೂತಿತ್ತು. ಅದು ಬೇರೆಯೇ ಖನಿಜ. 2020ರ ಡಿಸೆಂಬರ್‌ನಲ್ಲಿ ಜಗತ್ತಿಗೆ ಅದನ್ನು ಸಾರಿದರು. ಕಾರ್ನ್‌ವಾಲ್‌ಗೆ ಅಲ್ಲಿನ ನುಡಿಯಲ್ಲಿರುವ ಹೆಸರಾದ ‘ಕೆರ್ನೊ’ವನ್ನೇ ಅದಕ್ಕಿಟ್ಟರು. ಆ ಕಲ್ಲು ನೆಲದಿಂದ ಹೊರಬಂದದ್ದು ಸುಮಾರು 220 ವರ್ಷಗಳ ಹಿಂದೆ. ಗಣಿ ಈಗ ಇಲ್ಲ. ಆ ಜಾಗದಲ್ಲಿ ಮನೆಗಳೆದ್ದಿವೆ. ಎರಡು ಶತಮಾನದ ಹಿಂದೆ ಯಾರೋ ಒಬ್ಬ ಗಣಿಗಾರ ‘ಇದು ಚೆನ್ನಾಗಿದೆ, ಒಲೆಗೆ ಹೋಗುವುದು ಬೇಡ’ ಎಂದು ತೆಗೆದಿಡದೆ, ಇನ್ಯಾರೋ ಕಾಸು ಕೊಟ್ಟು ಕೊಳ್ಳದೆ, ಮತ್ಯಾರೋ ಅದರ ಊರು ಬರೆದ ಚೀಟಿಯನ್ನು ಜೋಪಾನ ಮಾಡದೆ ಇದ್ದಿದ್ದರೆ ಕೆರ್ನೊವೈಟ್ ಎಂಬ ಖನಿಜ ಮನುಷ್ಯನ ತಿಳಿವಳಿಕೆಗೇ ಬರುತ್ತಿರಲಿಲ್ಲ. ‘ಇದ್ದಲ್ಲೇ ಇರಲಿ’ ಎಂದು 1800ರಲ್ಲಿ ಎಲ್ಲರೂ ವಿಧೇಯರಾಗಿ ನಡೆದುಕೊಂಡಿದ್ದರೆ ಇವತ್ತು ಅದು ಯಾರದೋ ಅಡುಗೆಮನೆಯ ಅಡಿಪಾಯದ ಕೆಳಗಿರುತ್ತಿತ್ತು. ಅದೂ ಅದೃಷ್ಟವಿದ್ದರೆ. ಹೆಚ್ಚಿನದು ಸ್ವಾನ್‌ಸಿಯ ಒಲೆಗಳಲ್ಲಿ ಬೂದಿಯಾಗಿತ್ತು.

ಸ್ವಾನ್‌ಸಿಯ ಮಾತು ಬಂದದ್ದರಿಂದ ಲೆಕ್ಕವನ್ನು ಸರಿಯಾಗಿ ನೋಡೋಣ. ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲಿಲ್ಲ, ಅಲ್ಲಿನ ತಾಮ್ರದ ಅದಿರು ಹಡಗೇರಿ ವೇಲ್ಸ್‌ನ ಸ್ವಾನ್‌ಸಿಗೆ ಹೋಗಿ ಕರಗುತ್ತಿತ್ತು. ಗಣಿಯ ಮೇಲ್‌ಸ್ತರದ ಹಸಿರು, ನೀಲಿ ಖನಿಜಗಳು ಗಣಿಯ ಒಡೆಯನ ಕಣ್ಣಿಗೆ ಶುದ್ಧ ಅದಿರು, ಬೇರೇನೂ ಅಲ್ಲ. ವೇಲ್ಸ್‌ನದ್ದೇ ಗ್ರೇಟ್ ಓರ್ಮ್ ಬೆಟ್ಟದಲ್ಲಿ ಸುಮಾರು 3,700 ವರ್ಷಗಳ ಹಿಂದೆ ಕಂಚಿನ ಯುಗದ ಜನ ಮೂಳೆಯ ಉಪಕರಣಗಳಿಂದ ಕೆರೆದು ತೆಗೆದದ್ದೂ ಮ್ಯಾಲಕೈಟನ್ನೇ. ನಾವಿಂದು ಪರಂಪರೆ ಎಂದು ಕೈಮುಗಿಯುವ ಗಣಿಗಳು ಈ ಖನಿಜಗಳನ್ನು ಟನ್ನುಗಟ್ಟಲೆ ತಿಂದು ತೇಗಿದವು. ಆ ಹಸಿವಿನಿಂದ ಬೆರಳೆಣಿಕೆಯ ತುಂಡುಗಳನ್ನು ಪಾರು ಮಾಡಿದವರು ಸಂಗ್ರಾಹಕರು. ಮೆನಬಿಲಿಯ ಫಿಲಿಪ್ ರ‍್ಯಾಶ್ಲಿ (1729–1811) ಗಣಿಗಾರರಿಂದಲೂ ಗಣಿಯ ಮೇಸ್ತ್ರಿಗಳಿಂದಲೂ ಹರಳುಗಳನ್ನು ಕೊಂಡು, ಎಲ್ಲಿಯದು ಎಂದು ಬರೆದಿಟ್ಟು, 1797ರಲ್ಲೂ 1802ರಲ್ಲೂ ಚಿತ್ರಸಹಿತ ಸಂಪುಟಗಳನ್ನು ಹೊರತಂದರು. ಅವರ ಸಂಗ್ರಹದ ಮುಖ್ಯ ಭಾಗ ಟ್ರೂರೋ ಪಟ್ಟಣದ ರಾಯಲ್ ಕಾರ್ನ್‌ವಾಲ್ ಮ್ಯೂಸಿಯಂನಲ್ಲಿದೆ. 1801ರಲ್ಲಿ ಫ್ರೆಂಚ್ ನಿರಾಶ್ರಿತ ಕೌಂಟ್ ದ ಬೂರ್ನೊನ್ ಹರಳುಗಳ ಕೋನ ಅಳೆದು, ರಿಚರ್ಡ್ ಶೆನೆವಿಕ್ಸ್ ರಾಸಾಯನಿಕ ವಿಶ್ಲೇಷಣೆ ಮಾಡಿ ಕಾರ್ನ್‌ವಾಲ್‌ನ ತಾಮ್ರದ ಆರ್ಸೆನೇಟುಗಳ ಮೇಲೆ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದರಲ್ಲ, ಅವರ ಮೇಜಿನ ಮೇಲಿದ್ದದ್ದು ಸಂಗ್ರಾಹಕರ ಕಪಾಟಿನಿಂದ ಬಂದ ಕಲ್ಲುಗಳು. ಮುಂದಿನ ಶತಮಾನದಲ್ಲಿ ಸರ್ ಆರ್ಥರ್ ರಸೆಲ್ (1878–1964) ಗಣಿ ಗಣಿ ಸುತ್ತಿದ್ದಲ್ಲದೆ, ಚದುರಿಹೋಗುತ್ತಿದ್ದ ಹಳೆಯ ಸಂಗ್ರಹಗಳನ್ನು ಒಟ್ಟುಗೂಡಿಸಿ ಎಲ್ಲವನ್ನೂ ಲಂಡನ್ನಿನ ಮ್ಯೂಸಿಯಂಗೆ ಬರೆದುಕೊಟ್ಟುಹೋದರು. ಬೇರೆ ದೇಶಗಳ ಕಥೆಯೂ ಇಷ್ಟೇ. 1975ರಲ್ಲಿ ಮುಚ್ಚಿದ ಅರಿಜೋನಾದ ಬಿಸ್ಬೀ ಗಣಿಗಳ ನೀಲಿ ಅಜುರೈಟ್‌ಗಳಲ್ಲಿ ಎಷ್ಟೋ ಹೊರಬಂದದ್ದು ಗಣಿಗಾರರ ಊಟದ ಡಬ್ಬಿಗಳಲ್ಲಿ. ನಮೀಬಿಯಾದ ತ್ಸುಮೇಬ್ ಗಣಿಯಲ್ಲಿ 300ಕ್ಕೂ ಹೆಚ್ಚು ಬಗೆಯ ಖನಿಜ ಸಿಕ್ಕಿವೆ. 1996ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಕೆಳಗಿನ ಮಟ್ಟಗಳು ನೀರಿನಲ್ಲಿ ಮುಳುಗಿದವು. ಅಲ್ಲಿ ‘ಇದ್ದಲ್ಲೇ’ ಎಂದರೆ ನೀರಿನಡಿ.

ಈಗ ಎದುರುವಾದಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು ಕೇಳಿಬರುವುದು: ದಿಬ್ಬದಲ್ಲಿರುವ ಮಾಲು ಸೀಮಿತ, ಹೊಸದಾಗಿ ಬರುವುದಿಲ್ಲ, ಬಂದವರೆಲ್ಲ ಒಂದೊಂದು ಹೊತ್ತುಕೊಂಡು ಹೋದರೆ ನಾಳಿನ ವಿಜ್ಞಾನಿಗೆ ಏನು ಉಳಿಯುತ್ತದೆ? ಸೀಮಿತ ಎಂಬುದು ನಿಜ. ಆದರೆ ತೆಗೆಯದಿದ್ದರೂ ಖರ್ಚಾಗುವ ಗಂಟು ಅದು. ಈ ಪ್ರಶ್ನೆಯನ್ನು ಇಂಗ್ಲೆಂಡಿನವರೇ ಇನ್ನೊಂದು ಕಡೆ ಬಹಳ ಜಾಣತನದಿಂದ ಬಿಡಿಸಿದ್ದಾರೆ. ಡಾರ್ಸೆಟ್‌ನ ಕಡಲತೀರ, ಮೇರಿ ಆ್ಯನಿಂಗ್ ಪಳೆಯುಳಿಕೆ ಹುಡುಕಿದ ಲೈಮ್ ರೀಜಿಸ್ ಇರುವ ಜಾಗ, 2001ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಬಂಡೆಯಿಂದ ಉದುರಿ ಮರಳಿಗೆ ಬಿದ್ದ ಪಳೆಯುಳಿಕೆಯನ್ನು ಯಾರಾದರೂ ಎತ್ತಿಕೊಳ್ಳಬಹುದು. ಮಹತ್ವದ್ದು ಸಿಕ್ಕರೆ ದಾಖಲಿಸಬೇಕು. ಕಾರಣ ಸರಳ: ಎತ್ತದಿದ್ದರೆ ಅಲೆ ಅದನ್ನು ಮುರಿದು ಹಾಕುತ್ತದೆ. ಅಲೆಯ ಹೊಡೆತ ಕಣ್ಣಿಗೆ ಕಾಣುತ್ತದೆ, ದಿಬ್ಬದೊಳಗಿನ ಹುಳಿ ಕಾಣುವುದಿಲ್ಲ. ಎರಡಕ್ಕೂ ಬೇರೆ ಬೇರೆ ನ್ಯಾಯ ಮಾಡಲು ಇದಕ್ಕಿಂತ ಬೇರೆ ಆಧಾರ ಇದ್ದಂತಿಲ್ಲ. ಇನ್ನೂ ವಿಚಿತ್ರವೆಂದರೆ, ಯಾವ ಪುರಾತತ್ತ್ವದಿಂದ ಈ ತತ್ತ್ವವನ್ನು ಕಡ ತಂದರೋ ಆ ಪುರಾತತ್ತ್ವವೇ ಇಂಗ್ಲೆಂಡಿನಲ್ಲಿ ಅಷ್ಟು ಬಿಗಿಯಾಗಿ ಉಳಿದಿಲ್ಲ. ಲೋಹಶೋಧಕ ಹಿಡಿದು ಹೊಲದಲ್ಲಿ ತಿರುಗುವ ಹವ್ಯಾಸಿಗಳನ್ನು ಬೈದು ಬೈದು ಸಾಕಾಗಿ, 1997ರಿಂದ ಅವರ ಶೋಧಗಳನ್ನು ದಾಖಲಿಸುವ ಯೋಜನೆಯನ್ನೇ ಶುರುಮಾಡಿದರು. ಅದರಲ್ಲಿ ಈಗ ಹತ್ತು ಲಕ್ಷಕ್ಕೂ ಮಿಕ್ಕಿದ ವಸ್ತುಗಳ ವಿವರವಿದೆ. ಕಡ ಕೊಟ್ಟವರು ದಾರಿ ಬದಲಿಸಿದರು, ಕಡ ತಂದವರು ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದಾರೆ.

ಫೋಟೊ ತೆಗೆದುಕೊಂಡು ಕಲ್ಲನ್ನು ಅಲ್ಲೇ ಬಿಡಿ ಎನ್ನುವವರಿದ್ದಾರೆ. ಹೂವಿಗೂ ಹಕ್ಕಿಗೂ ಅದು ಸಾಕು, ಖನಿಜಕ್ಕೆ ಸಾಲದು. ಕಾಲ್ಡ್‌ಬೆಕ್ ಬೆಟ್ಟದ ರೆಡ್ ಗಿಲ್ ಗಣಿ ಲಿನಾರೈಟಿಗೆ ಪ್ರಸಿದ್ಧ. ಲಿನಾರೈಟ್ ಸೀಸ, ತಾಮ್ರದ ಸಲ್ಫೇಟ್. ಅಜುರೈಟ್ ತಾಮ್ರದ ಕಾರ್ಬೊನೇಟ್. ಎರಡೂ ಒಂದೇ ಕಡುನೀಲಿ, ಪಕ್ಕಪಕ್ಕ ಇಟ್ಟರೂ ನುರಿತ ಕಣ್ಣೂ ಮೋಸ ಹೋಗುತ್ತದೆ. ಒಂದು ಸಣ್ಣ ಚಕ್ಕೆಯ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ: ಅಜುರೈಟ್ ನೊರೆಯೆದ್ದು ಕರಗುತ್ತದೆ, ಲಿನಾರೈಟ್ ನೊರೆ ಬಿಡದೆ ಬೆಳ್ಳಗಾಗುತ್ತದೆ. ಇದು ತೀರ ಸುಲಭದ ಉದಾಹರಣೆ. ಲೈರೋಕೊನೈಟನ್ನೂ ಕೆರ್ನೊವೈಟನ್ನೂ ಬೇರ್ಪಡಿಸಲು ಆಮ್ಲದ ಹನಿಯೂ ಸಾಲದು, ಪ್ರಯೋಗಾಲಯವೇ ಬೇಕು. ಖನಿಜಶಾಸ್ತ್ರದಲ್ಲಿ ವಸ್ತುವೇ ದಾಖಲೆ. ಚಿತ್ರ ಬರೀ ಅದರ ನೆರಳು.

ಹಾಗಾದರೆ ವಿಜ್ಞಾನಿಗಳೇ ಬಂದು ತೆಗೆಯಲಿ, ಹವ್ಯಾಸಿಗಳಿಗೇನು ಕೆಲಸ ಎಂಬ ಮಾತು ಬರುತ್ತದೆ. ಬರಲಿ, ಯಾರು ಬೇಡ ಎಂದರು? ವಿಶ್ವವಿದ್ಯಾಲಯಗಳಲ್ಲಿ ಖನಿಜಗಳನ್ನು ಕಣ್ಣಿನಿಂದ ಗುರುತಿಸುವ ವಿದ್ಯೆಯೇ ಸೊರಗುತ್ತಿದೆ. ಮ್ಯೂಸಿಯಂಗಳಲ್ಲಿ ಇರುವ ಸಂಗ್ರಹ ನೋಡಿಕೊಳ್ಳಲೇ ಕೈ ಸಾಲದು. ಮಳೆಯಲ್ಲಿ ನೆನೆಯುತ್ತ, ಹೆಣ್ಣೋ ಗಂಡೋ, ಭಾನುವಾರ ಪೂರ್ತಿ ಕುಕ್ಕುರುಗಾಲಲ್ಲಿ ಕೂತು ಸಾವಿರ ಕಲ್ಲು ಒಡೆದು ಒಂದು ಪೊಟರೆ ಹುಡುಕುವ ತಾಳ್ಮೆಗೆ ಯಾವ ಸರ್ಕಾರವೂ ಸಂಬಳ ಕೊಡುವುದಿಲ್ಲ. ಹವ್ಯಾಸಿ ಅದನ್ನು ಪುಕ್ಕಟೆ ಮಾಡುತ್ತಾನೆ, ಭೂತಗನ್ನಡಿಯ ಕೆಳಗೆ ಮಿಲಿಮೀಟರಿನ ಹರಳನ್ನೂ ಬಿಡದೆ ನೋಡುತ್ತಾನೆ.

ಹಣದ ವಾದ ಇವೆಲ್ಲಕ್ಕಿಂತ ತೂಕದ್ದು, ಅದನ್ನು ತೇಲಿಸಿಬಿಡಲಾಗದು. ಚಂದದ ಅಜುರೈಟಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆಯಿದೆ. ಬೆಲೆಯಿದ್ದ ಕಡೆ ರಾತ್ರಿ ಬರುವವರಿದ್ದಾರೆ, ಯಂತ್ರ ತರುವವರಿದ್ದಾರೆ, ಸುರಂಗದ ಗೋಡೆಯನ್ನೇ ಗರಗಸದಿಂದ ಕೊಯ್ಯುವವರಿದ್ದಾರೆ. ಇವರಿಗೆ ಕಾನೂನು ಬೇಕು, ದಂಡ ಬೇಕು, ಅಗತ್ಯಬಿದ್ದರೆ ಜೈಲೂ ಬೇಕು. ಆದರೆ ಸಾರಾಸಗಟು ನಿಷೇಧ ಇವರಿಗೆ ತಟ್ಟುವುದೇ ಇಲ್ಲ. ನಿಷೇಧಕ್ಕೆ ಬೆಲೆ ಕೊಡುವವನು ಪ್ರಾಮಾಣಿಕ. ಅವನು ಮನೆಯಲ್ಲಿ ಕೂರುತ್ತಾನೆ. ಕದ್ದು ತೆಗೆಯುವವನು ಮುಂದುವರಿಸುತ್ತಾನೆ, ಜೊತೆಗೆ ಒಂದು ಹೊಸ ಅನಾಹುತ ಮಾಡುತ್ತಾನೆ: ಎಲ್ಲಿಂದ ತಂದೆ ಎಂದು ಬರೆದರೆ ಸಿಕ್ಕಿಬೀಳುತ್ತಾನಾದ್ದರಿಂದ ಊರಿನ ಹೆಸರನ್ನು ಅಳಿಸುತ್ತಾನೆ, ಇಲ್ಲವೇ ಸುಳ್ಳು ಬರೆಯುತ್ತಾನೆ. ಚೀಟಿ ಕಳೆದುಕೊಂಡ ಖನಿಜ ವಿಜ್ಞಾನದ ಲೆಕ್ಕದಲ್ಲಿ ಸತ್ತಂತೆಯೇ. ಕಲ್ಲು ಜಾಗ ಬಿಟ್ಟದ್ದಕ್ಕಲ್ಲ, ಕಲ್ಲಿನಿಂದ ಅದರ ಊರು ಕಳಚಿದ್ದಕ್ಕೆ ಅಳಬೇಕು. ನಮ್ಮ ಸಂರಕ್ಷಕರು ಮೊದಲನೆಯದಕ್ಕೆ ಅತ್ತು, ಎರಡನೆಯದಕ್ಕೆ ತಾವೇ ಬಾಗಿಲು ತೆರೆಯುತ್ತಿದ್ದಾರೆ.

ಇಲ್ಲಿ ಯಾರಾದರೊಬ್ಬರು ಆರ್ಥರ್ ಕಿಂಗ್ಸ್‌ಬರಿಯ ಹೆಸರೆತ್ತದೆ ಇರುವುದಿಲ್ಲ, ಎತ್ತಲೂಬೇಕು. 1968ರಲ್ಲಿ ತೀರಿಕೊಂಡ ಕಿಂಗ್ಸ್‌ಬರಿ ಬ್ರಿಟಿಷ್ ಖನಿಜ ಸಂಗ್ರಾಹಕರಲ್ಲಿ ಘಟಾನುಘಟಿ ಎನಿಸಿದ್ದವರು; ಅವರ ಸಂಗ್ರಹ ಲಂಡನ್ನಿನ ಮ್ಯೂಸಿಯಂ ಸೇರಿತು. 1998ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ತಿಳಿದದ್ದು, ಅವರು ತಾವೇ ಕಂಡುಹಿಡಿದದ್ದೆಂದು ಹೇಳಿಕೊಂಡ ಎಷ್ಟೋ ಮಾದರಿಗಳು ಬೇರೆ ಗಣಿಗಳಿಂದ, ಬೇರೆ ದೇಶಗಳಿಂದ ಬಂದ ಹಳೆಯ ಕಲ್ಲುಗಳು ಎಂದು. ಕಾಲ್ಡ್‌ಬೆಕ್ ಬೆಟ್ಟಗಳದ್ದೆಂದು ಹೆಸರಿಟ್ಟವೂ ಅದರಲ್ಲಿದ್ದವು. ನೋಡಿ, ಸಂಗ್ರಾಹಕರನ್ನು ನಂಬಿದರೆ ಹೀಗೆ ಎನ್ನುತ್ತಾರೆ. ಆದರೆ ಆ ಮೋಸ ಬಯಲಾದದ್ದು ಹೇಗೆ? ಕಲ್ಲುಗಳು ಕಪಾಟಿನಲ್ಲಿದ್ದವು. ಹರಳಿಗಂಟಿದ ತಾಯಿಕಲ್ಲು ಆ ಊರಿನದ್ದೇ ಹೌದೋ ಅಲ್ಲವೋ ಎಂದು ಮೂವತ್ತು ವರ್ಷದ ನಂತರವೂ ತೆಗೆದು ನೋಡಲು ಸಾಧ್ಯವಾಯಿತು, ಬೇರೆ ಸಂಗ್ರಾಹಕರ ನಿಜವಾದ ಮಾದರಿಗಳ ಪಕ್ಕ ಇಟ್ಟು ಹೋಲಿಸಲು ಸಾಧ್ಯವಾಯಿತು. ಪ್ರಾಮಾಣಿಕರ ಸಂಗ್ರಹ ಇಲ್ಲದಿದ್ದರೆ ಸುಳ್ಳನ್ನು ಅಳೆಯಲು ಕೋಲೇ ಇರುತ್ತಿರಲಿಲ್ಲ. ಬರೀ ಮಾತಿನಲ್ಲಿ ‘ಅಲ್ಲಿ ಇಂಥದ್ದು ಕಂಡೆ, ಮುಟ್ಟದೆ ಬಂದೆ’ ಎಂದು ಹೇಳಿ ಹೋಗಿದ್ದರೆ ಕಿಂಗ್ಸ್‌ಬರಿ ಇವತ್ತಿಗೂ ಘಟಾನುಘಟಿಯಾಗಿಯೇ ಇರುತ್ತಿದ್ದರು.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವ ಆಕ್ಷೇಪ ಒಂದೇ. ತ್ಸುಮೇಬಿನ ಶ್ರೇಷ್ಠ ಹರಳುಗಳು ಯಾರ ಬಳಿ ಇವೆ? ಬಹುಪಾಲು ಯುರೋಪಿನ, ಅಮೆರಿಕದ ಸಂಗ್ರಹಗಳಲ್ಲಿ. ಗಣಿಯೊಳಗಿಳಿದು ಧೂಳು ಕುಡಿದವನು ಆಫ್ರಿಕದವನು, ಗಾಜಿನ ಪೆಟ್ಟಿಗೆ ಇರುವುದು ಇನ್ನೊಂದು ಖಂಡದಲ್ಲಿ. ಈ ದೂರು ನಮಗೆ ಅರ್ಥವಾಗದ್ದೇನಲ್ಲ. 1880ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯನ್ನು ಕಟ್ಟಿದ ಜಾನ್ ಟೇಲರ್, 1819ರಲ್ಲಿ ವೀಲ್ ಗೋರ್ಲೆಂಡ್ ಇದ್ದ ಅದೇ ಗ್ವೆನಪ್ ಪ್ರಾಂತದ ಕನ್ಸಾಲಿಡೇಟೆಡ್ ತಾಮ್ರದ ಗಣಿಗಳನ್ನು ಮತ್ತೆ ತೆರೆಸಿದಾತ. ಕಾರ್ನ್‌ವಾಲ್‌ನ ಗಣಿಗಾರರು ಕೆಜಿಎಫ್‌ಗೆ ಬಂದರು, ಅವರ ಗಣಿವಿದ್ಯೆ ಬಂತು. ಚಿನ್ನ ಹೋದದ್ದು ಆ ಕಡೆಗೆ, ಸಯನೈಡ್ ದಿಬ್ಬ ಉಳಿದದ್ದು ಈ ಕಡೆಗೆ. ಹೀಗಿರುವಾಗ ತ್ಸುಮೇಬಿನ ದೂರನ್ನು ತಳ್ಳಿಹಾಕುವುದಾದರೂ ಹೇಗೆ? ಆದರೆ ದೂರು ಹಂಚಿಕೆಯ ಬಗ್ಗೆ, ತೆಗೆದ ಬಗ್ಗೆ ಅಲ್ಲ. ಅದಕ್ಕೆ ಪರಿಹಾರವೆಂದರೆ ಸಿಕ್ಕಿದ್ದರಲ್ಲಿ ಒಂದು ಪಾಲು ಮೊದಲು ಆ ಊರಿನ, ಆ ದೇಶದ ಮ್ಯೂಸಿಯಂಗೆ ಎಂದು ಕಡ್ಡಾಯ ಮಾಡುವುದು, ಹೊರಗೆ ಹೋದದ್ದನ್ನು ಮರಳಿ ಕೇಳುವುದು. ಹರಳು ನೀರಿನಲ್ಲಿ ಮುಳುಗಿದರೆ ನಮೀಬಿಯಾದವರಿಗೂ ಇಲ್ಲ, ಬರ್ಲಿನ್ನಿನವರಿಗೂ ಇಲ್ಲ. ಹಾಗೆ ಸಾಧಿಸಿದ ಸಮಾನತೆಯಿಂದ ಯಾರಿಗೆ ಲಾಭ?

ಅಪಾಯದ ಮಾತನ್ನು ಬೇಗ ಮುಗಿಸಬಹುದು. ಹಳೆಯ ಶಾಫ್ಟ್‌ಗಳ ಬಾಯಿ ಮುಚ್ಚಿದ ಹಲಗೆ ಕೊಳೆತಿರುತ್ತದೆ, ಸುರಂಗದಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಧೂಳಿನಲ್ಲಿ ಆರ್ಸೆನಿಕ್ ಇರುತ್ತದೆ. ಅನುಭವಿ ತಂಡ ಮತ್ತು ಬರಹದ ಅನುಮತಿ ಇಲ್ಲದೆ ನೆಲದಡಿಗೆ ಯಾರೂ ಇಳಿಯಕೂಡದು. ನನ್ನ ವಾದ ಪೂರ್ತಿಯಾಗಿ ಹೊರಗಿನ ದಿಬ್ಬದ ಮೇಲಿನದ್ದು.

ಹಾಗಿದ್ದರೆ ಕಟ್ಟಳೆ ಹೇಗಿರಬೇಕು? ಕಾಲ್ಡ್‌ಬೆಕ್‌ನಲ್ಲಿ ಅದರ ಒಂದು ರೂಪ ಈಗಾಗಲೇ ಇದೆ: ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರದಿಂದ ಪರವಾನಗಿ ಪಡೆದವರು ಮಾತ್ರ ಅಲ್ಲಿ ಖನಿಜ ಸಂಗ್ರಹಿಸಬಹುದು. ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ನೆಲದ ಒಡೆಯನ ಒಪ್ಪಿಗೆ, ಕೈಸುತ್ತಿಗೆಗಿಂತ ದೊಡ್ಡ ಉಪಕರಣ ಇಲ್ಲ, ಪ್ರತಿ ಮಾದರಿಗೂ ಗಣಿಯ ಹೆಸರು, ದಿಬ್ಬದ ಗುರುತು, ದಿನಾಂಕ, ತೆಗೆದವರ ಹೆಸರಿನ ಚೀಟಿ. ವರ್ಷಕ್ಕೊಮ್ಮೆ ಪಟ್ಟಿ ಒಪ್ಪಿಸಿದರೆ ಮಾತ್ರ ಪರವಾನಗಿ ಮುಂದುವರಿಕೆ, ಅಪರೂಪದ್ದರ ಒಂದು ತುಂಡು ಮ್ಯೂಸಿಯಂಗೆ. ದಿಬ್ಬವನ್ನು ಸಮತಟ್ಟು ಮಾಡುವ ಯೋಜನೆ ಬಂದರೆ ಯಂತ್ರ ಬರುವ ಮೊದಲು ಸಂಗ್ರಾಹಕರನ್ನು ಕರೆಯುವುದು ಗುತ್ತಿಗೆಯ ಷರತ್ತಾಗಬೇಕು. 1865ರಲ್ಲಿ ಬೇಲ್ಡೊನೈಟ್ ಎಂಬ ಸೀಸ, ತಾಮ್ರದ ಆರ್ಸೆನೇಟನ್ನು ಮೊದಲು ವಿವರಿಸಿದ್ದು ಕಾರ್ನ್‌ವಾಲ್‌ನ ಪೆನ್‌ಬರ್ತಿ ಕ್ರಾಫ್ಟ್ ಗಣಿಯ ಕಲ್ಲಿನಿಂದ. ಆ ದಿಬ್ಬಕ್ಕೆ ಇಂದು ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂಬ ಕಾನೂನಿನ ರಕ್ಷಣೆ ಸಿಕ್ಕಿರುವುದು ಅಲ್ಲಿ ಇಂಥಿಂಥ ಖನಿಜಗಳಿವೆ ಎಂದು ಗೊತ್ತಿರುವುದರಿಂದ. ಗೊತ್ತಾದದ್ದು ಜನ ಅಲ್ಲಿಂದ ಕಲ್ಲು ಒಯ್ದು ನೋಡಿದ್ದರಿಂದ.

ಈ ಚರ್ಚೆ ನಮ್ಮ ಮನೆಬಾಗಿಲಿಗೂ ಬಂದಿದೆ. 2022ರ ಕೊನೆಯಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳನ್ನೂ ಭೂ ಅವಶೇಷಗಳನ್ನೂ ಕಾಪಾಡುವ ಮಸೂದೆಯ ಕರಡನ್ನು ಹೊರಡಿಸಿತು. ಅವಶೇಷಗಳ ಪಟ್ಟಿಯಲ್ಲಿ ಖನಿಜಗಳೂ ಸೇರಿವೆ. ಕರಡನ್ನು ತಿದ್ದುವವರು ಚಿತ್ರದುರ್ಗ ಜಿಲ್ಲೆಗೆ ಒಮ್ಮೆ ಬಂದು ಹೋಗುವುದು ಒಳ್ಳೆಯದು. ಮರಡಿಹಳ್ಳಿಯ ಲಾವಾ ದಿಂಬುಗಳಿರುವ ಜಿಲ್ಲೆಯಲ್ಲೇ ಇಂಗಳದಾಳಿನ ತಾಮ್ರದ ಗಣಿಯೂ ಇದೆ. ಪ್ರಾಚೀನರು ಅಗೆದ ಕುಳಿಗಳ ಪಕ್ಕದಲ್ಲೇ ಕಳೆದ ಶತಮಾನದಲ್ಲಿ ಮತ್ತೆ ಗಣಿಗಾರಿಕೆ ನಡೆದ ಜಾಗ ಅದು. ಲಾವಾ ದಿಂಬುಗಳನ್ನು ಕಾಯಲು ಬೇಲಿ ಮತ್ತು ಕಾವಲುಗಾರ ಸಾಕು. ತಾಮ್ರದ ಗಣಿಗೆ ಅದೇ ಬೇಲಿಯನ್ನು ಕಟ್ಟಿ ಕೈತೊಳೆದುಕೊಂಡರೆ, ಮಳೆಗಾಲ ಒಂದೊಂದಾಗಿ ಕಳೆದಂತೆ ಬೇಲಿಯೊಳಗಿನ ಕಲ್ಲು ಕರಗುತ್ತದೆ. ಅಲ್ಲಿಗೆ ಬೇಕಾದದ್ದು ಪರವಾನಗಿ ಚೀಟಿ ಹಿಡಿದ ನಾಲ್ಕಾರು ಭೂವಿಜ್ಞಾನದ ವಿದ್ಯಾರ್ಥಿಗಳು, ಭೂತಗನ್ನಡಿ, ಕೈಸುತ್ತಿಗೆ, ಮತ್ತು ಅವರು ತಂದದ್ದನ್ನು ಊರಿನ ಹೆಸರು ಬರೆದು ಇಟ್ಟುಕೊಳ್ಳಲು ಜಿಲ್ಲೆಯಲ್ಲೇ ಒಂದು ಕಪಾಟು. ಮಸೂದೆ ಇವೆರಡನ್ನೂ ಒಂದೇ ಕಲಮಿನ ಕೆಳಗೆ ತಂದರೆ ಇಂಗ್ಲೆಂಡಿನ ತಪ್ಪನ್ನು ನಾವು ಕಾನೂನು ಮಾಡಿಕೊಂಡಂತಾಗುತ್ತದೆ.